ಕೈಯ ಬಿಗಿ, ಗಿಟಾರಿನ ದನಿ

‘ಮೆಟಲ್’ ಸಂಗೀತವೆಂದೊಡನೆಯೇ ಹಿರಿಯರಲ್ಲಿ ಬಹುಮಂದಿ ಕಿವಿ ಮುಚ್ಚಿಕೊಳ್ಳುವರು. ಅದು ಗದ್ದಲವೇ ಹೊರತು ಸಂಗೀತವಲ್ಲವೆಂಬುದು ಅವರ ಮತ. ಅವರನ್ನು ನಾನು ದೂರಲಾರೆ. ನಮ್ಮಂಥ ಹವ್ಯಾಸಿಗಳು ಮನೆಯಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು ಕೇಳಿದರೆ ಆ ಮಾತು ನಿಜವೆಂದೇ ತೋರುವುದು. ಆದರೆ ದೋಷವಿರುವುದು ಆ ಸಂಗೀತದಲ್ಲಲ್ಲ, ನಮ್ಮ ಕೈಯಲ್ಲಿ ಎಂಬುದು ನನ್ನ ನಮ್ರ ಅಭಿಪ್ರಾಯ.

ಕಳೆದ ವರ್ಷ ನಾವು ಮೂವರು ಗೆಳೆಯರು ಸೇರಿ ಒಂದು ಹಾಡನ್ನು ಕಂಪ್ಯೂಟರಿನಲ್ಲಿ ಮುದ್ರಿಸಿದೆವು. ಗಿಟಾರಿನ ದನಿ ಮಸುಕಾಗಿ ಬಂತು. ಒಳ್ಳೆಯ ಪೆಡಲೊಂದಿದ್ದರೆ ಎಲ್ಲ ಸರಿಹೋಗುವುದೆಂದು ಬಗೆದು, ನೇಕಾರರಾದ ನಮ್ಮ ತಂದೆಯವರಲ್ಲಿ ಹಣ ಕೇಳಿದೆ. ಅದು ಅವರ ಒಂದು ತಿಂಗಳ ದುಡಿಮೆ. ಅವರು ಇಲ್ಲವೆನ್ನಲಿಲ್ಲ, ಮೊದಲು ಹಾಡು ಕೇಳಿಸು ಎಂದರು. ಕೇಳಿದ ಮೇಲೆ, “ಲಾಳಿ ಒಂದ್ ಕಡೆ, ಕೈ ಒಂದ್ ಕಡೆ ಓಡಿದಂಗ ಐತಲ್ಲೋ ತಮ್ಮಾ” ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಕ್ಷರ ಬಾರದ ತಂದೆಯವರ ಮಾತೇ ಸರಿಯೆಂದು ಒಪ್ಪಿಕೊಳ್ಳಲು ನನಗೆ ಆರು ತಿಂಗಳು ಹಿಡಿಯಿತು.

ಲೆಕ್ಕ ಹಾಕಿ ನೋಡಿರಿ. ನಿಮಿಷಕ್ಕೆ 120 ತಾಳದ ಪೆಟ್ಟು, ಪೆಟ್ಟಿಗೆ ನಾಲ್ಕು ಮೀಟು ಎಂದರೆ ಸೆಕೆಂಡಿಗೆ ಎಂಟು ಮೀಟು. ಒಂದು ಮೀಟಿನಿಂದ ಇನ್ನೊಂದಕ್ಕೆ 125 ಮಿಲಿಸೆಕೆಂಡು. ಮೆಟಲ್ ಧ್ವನಿಮುದ್ರಣದಲ್ಲಿ ಒಂದೇ ಭಾಗವನ್ನು ಎರಡು ಸಲ ನುಡಿಸಿ, ಒಂದನ್ನು ಎಡಕ್ಕೂ ಮತ್ತೊಂದನ್ನು ಬಲಕ್ಕೂ ಇಡುವುದು ವಾಡಿಕೆ. ಒಂದನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ದನಿ ನಡುವೆಯೇ ನಿಲ್ಲುವುದು, ಹರಡುವುದಿಲ್ಲ. ಎರಡು ಸಲ ನುಡಿಸಿದಾಗ 30 ಮಿಲಿಸೆಕೆಂಡು ಹೆಚ್ಚುಕಡಿಮೆಯಾದರೂ ಮೀಟು ಸುಮಾರು ಕಾಲು ಭಾಗ ಜಾರಿದಂತಾಯಿತು. ಯಾವ ಪೆಡಲು ಇದನ್ನು ತಿದ್ದೀತು?

ನಮ್ಮ ಮತ್ತೊಂದು ತಪ್ಪು, ಡಿಸ್ಟಾರ್ಷನ್ನಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವುದು. ಅದು ಹೆಚ್ಚಿದಷ್ಟೂ ಮೆಲ್ಲನೆಯ ಮೀಟು, ಬಲವಾದ ಮೀಟು ಎಲ್ಲವೂ ಒಂದೇ ಮಟ್ಟಕ್ಕೆ ಬಂದು ಮೀಟಿನ ಮೊನೆ ಮಾಯವಾಗುವುದು. ನಡುದನಿಯನ್ನು ಪೂರ್ತಿ ಇಳಿಸಿದರೆ, ಒಬ್ಬನೇ ನುಡಿಸುವಾಗ ಗಂಭೀರವಾಗಿ ಕೇಳುವುದು. ಡ್ರಮ್ಮು, ಬೇಸ್ ಗಿಟಾರುಗಳ ಜತೆಗೂಡಿದೊಡನೆ ಗಿಟಾರೇ ಕಾಣೆಯಾಗುವುದು.

ಈ ಸಂಗೀತಕ್ಕೆ ತಳಹದಿ ಹಾಕಿದವರನ್ನು ನೋಡೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಯವರು 1965ರಲ್ಲಿ ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡರು. ಅವು ತಂತಿ ಒತ್ತುವ ಬೆರಳುಗಳೇ. ಪ್ಲಾಸ್ಟಿಕ್ ಕರಗಿಸಿ ತಾವೇ ಬೆರಳಿಗೆ ಟೋಪಿ ಮಾಡಿಕೊಂಡು, ತೆಳುವಾದ ತಂತಿ ಕಟ್ಟಿಕೊಂಡು ಮತ್ತೆ ನುಡಿಸಿದರು. ಅವರ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಮ್ 1970ರಲ್ಲಿ ಹೊರಬಂತು. 2011ರಲ್ಲಿ ಬೆಂಗಳೂರಿಗೂ ಬಂದು ನುಡಿಸಿದ ‘ಮೆಟಾಲಿಕಾ’ ತಂಡದ ಜೇಮ್ಸ್ ಹೆಟ್‌ಫೀಲ್ಡರ ಹೆಸರು ನಿಂತಿರುವುದೂ ಅವರ ಬಲಗೈಯ ಬಿಗಿಯಿಂದಲೇ.

ಹಾಗಾದರೆ ನಾವು ಮಾಡಬೇಕಾದುದೇನು? ಕಷ್ಟದ ಭಾಗವನ್ನು ಅರ್ಧ ವೇಗದಲ್ಲಿ, ಮೆಟ್ರೊನೋಮಿನ ಟಕ್ಕಿಗೆ ಸರಿಯಾಗಿ ನುಡಿಸಿ, ತಪ್ಪಿಲ್ಲದೆ ಬಂದ ಮೇಲೆಯೇ ವೇಗ ಏರಿಸಬೇಕು. ನುಡಿಸದ ತಂತಿಗಳನ್ನು ಕೈಯಿಂದ ಮುಚ್ಚಿ ಹಿಡಿಯಬೇಕು. ಹೊಸ ತಂತಿ ಕಟ್ಟಬೇಕು. ಪ್ರತಿ ಸಲ ಮುದ್ರಿಸುವ ಮುನ್ನ ಶ್ರುತಿ ನೋಡಬೇಕು. ಡಿಸ್ಟಾರ್ಷನ್ನನ್ನು ಬೇಕೆನಿಸಿದ್ದಕ್ಕಿಂತ ಕಡಿಮೆ ಇಡಬೇಕು.

ತಪ್ಪಿದ ಮೀಟುಗಳನ್ನು ಕಂಪ್ಯೂಟರಿನಲ್ಲಿಯೇ ಕತ್ತರಿಸಿ ಜೋಡಿಸಬಹುದಲ್ಲವೆ ಎಂದು ಕೆಲವರು ಕೇಳಬಹುದು. ಜೋಡಿಸಬಹುದು. ಆದರೆ ನಾಳೆ ಕಾಲೇಜು ದಿನಾಚರಣೆಯ ವೇದಿಕೆಗೆ ಆ ಕತ್ತರಿ ನಮ್ಮೊಡನೆ ಬಂದೀತೆ?

ನಾನು ಪೆಡಲು ಕೊಳ್ಳಲಿಲ್ಲ. ಒಂದು ಜತೆ ತಂತಿ ಮಾತ್ರ ಕೊಂಡೆ. ಅದೇ ಹಾಡನ್ನು ಮತ್ತೆ ಮುದ್ರಿಸಿ ತಂದೆಯವರಿಗೆ ಕೇಳಿಸಿದೆ. ಅವರಿಗೆ ಆ ಸಂಗೀತ ಇಂದಿಗೂ ಹಿಡಿಸದು. ಆದರೂ “ಈಗ ಲಾಳಿ ತಪ್ಪಿಲ್ಲ” ಎಂದರು. ಉಪಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಮೊದಲು ಕೈ ಪಳಗಲಿ, ಆಮೇಲೆ ಉಪಕರಣ ಬರಲಿ ಎಂಬುದಷ್ಟೇ ಮಿತ್ರರಲ್ಲಿ ನನ್ನ ವಿನಂತಿ.