ಒಂದು ವಠಾರ, ಇಬ್ಬರು ಯಜಮಾನರು

ವಠಾರದ ಬಾಳನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಸೂರು ಒಂದು, ಅಂಗಳ ಒಂದು, ನಲ್ಲಿಯೂ ಒಂದೇ. ಆದರೂ ಬಾಗಿಲು ಹಾಕಿಕೊಂಡ ಮೇಲೆ ಪ್ರತಿಯೊಂದು ಸಂಸಾರಕ್ಕೂ ಅದು ತನ್ನದೇ ಮನೆ. ಕಂಪ್ಯೂಟರಿನೊಳಗೂ ಇಂಥ ವಠಾರವನ್ನು ಕಟ್ಟಬಹುದು. ವಿಂಡೋಸ್ ನಡೆಯುತ್ತಿರುವ ಯಂತ್ರದಲ್ಲಿ ಇನ್ನೊಂದು ಕಂಪ್ಯೂಟರೇ ಇರುವಂತೆ ತೋರಿಸಿ, ಅದರಲ್ಲಿ ಲಿನಕ್ಸನ್ನು ಬಾಡಿಗೆಗೆ ಇರಿಸಬಹುದು. ಈ ತೋರಿಕೆಯ ಯಂತ್ರವೇ ವರ್ಚುಯಲ್ ಮೆಷಿನ್. ಅದನ್ನು ಸೃಷ್ಟಿಸಿ ಆಳುವ ಪ್ರೋಗ್ರಾಂ ಹೈಪರ್‌ವೈಸರ್. ಇಲ್ಲಿ ಬಾಡಿಗೆದಾರರು ಜಗಳವಾಡುವುದು ಅಪರೂಪ. ಜಗಳ ಹುಟ್ಟುವುದು ಒಂದೇ ವಠಾರದ ಮೇಲೆ ಇಬ್ಬರು ಯಜಮಾನರು ಹಕ್ಕು ಹೂಡಿದಾಗ.

ಈ ವಿದ್ಯೆ ಹೊಸತೇನಲ್ಲ. ಅಮೆರಿಕದ ಕೇಂಬ್ರಿಜ್ ನಗರದಲ್ಲಿದ್ದ ಐ.ಬಿ.ಎಂ. ಕೇಂದ್ರದ ತಜ್ಞರು 1960ರ ದಶಕದಲ್ಲಿಯೇ ಒಂದು ದೊಡ್ಡ ಯಂತ್ರವನ್ನು ಹಲವರಿಗೆ ಹಂಚಿ, ಇಡಿಯ ಯಂತ್ರ ತನ್ನದೆಂಬ ಭ್ರಾಂತಿಯನ್ನು ಪ್ರತಿಯೊಬ್ಬರಲ್ಲಿಯೂ ಉಂಟುಮಾಡಿದ್ದರು. ಮನೆಯ ಕಂಪ್ಯೂಟರಿಗೆ ಅದು ತಡವಾಗಿ ಬಂದಿತು. 1999ರಲ್ಲಿ ವಿಎಂವೇರ್ ಸಂಸ್ಥೆಯ ಪ್ರೋಗ್ರಾಂ, ಬಾಡಿಗೆದಾರನ ತೊಡಕಿನ ಆಜ್ಞೆಗಳನ್ನು ಓಟದ ನಡುವೆಯೇ ತಿದ್ದಿ ಬರೆದು ಕೆಲಸ ಸಾಧಿಸಿತು. 2005ರಲ್ಲಿ ಇಂಟೆಲ್ ಕಂಪೆನಿಯೂ ಮರುವರ್ಷ ಎ.ಎಂ.ಡಿ. ಕಂಪೆನಿಯೂ ಇದಕ್ಕೆ ಬೇಕಾದ ನೆರವನ್ನು ಪ್ರೊಸೆಸರಿನಲ್ಲಿಯೇ ಅಳವಡಿಸಿದವು.

ಇಂಟೆಲ್ಲಿನ ವಿಟಿ-ಎಕ್ಸ್ ಎಂಬ ಆ ಸೌಲಭ್ಯ ವಠಾರದ ಬೀಗದ ಕೈ ಇದ್ದಂತೆ. ಒಂದು ವಿಶೇಷ ಆಜ್ಞೆಯಿಂದ ಹೈಪರ್‌ವೈಸರು ಅದನ್ನು ವಶಪಡಿಸಿಕೊಳ್ಳುತ್ತದೆ. ಅದನ್ನು ಬಿಟ್ಟುಕೊಡುವ ಮುನ್ನ ಇನ್ನೊಬ್ಬನು ಅದೇ ಆಜ್ಞೆಯನ್ನು ಕೊಟ್ಟರೆ ಆಜ್ಞೆ ವಿಫಲವಾಗುತ್ತದೆ. ಸರದಿ ನಿಲ್ಲಿಸುವ ಏರ್ಪಾಡಾಗಲಿ ನ್ಯಾಯ ಹೇಳುವ ಪಂಚಾಯಿತಿಯಾಗಲಿ ಪ್ರೊಸೆಸರಿನಲ್ಲಿ ಇಲ್ಲ.

ಲಿನಕ್ಸಿನ ಕರ್ನೆಲ್ಲಿನಲ್ಲಿ 2007ರಿಂದ ಕೆವಿಎಂ ಎಂಬ ಹೈಪರ್‌ವೈಸರು ಮನೆಯ ಮಗನಂತೆ ನೆಲೆಸಿದೆ. ವರ್ಚುಯಲ್‌ಬಾಕ್ಸ್ ಹೊರಗಿನಿಂದ ಬಂದುದು. ಇವೆರಡೂ ಏಕಕಾಲದಲ್ಲಿ ದುಡಿಯಲಾರವು. ಆದರೂ ಕೆವಿಎಂ ತನ್ನ ಮೊದಲ ಬಾಡಿಗೆದಾರ ಬಂದಾಗ ಬೀಗದ ಕೈಯನ್ನು ತೆಗೆದುಕೊಂಡು, ಕೊನೆಯವನು ಹೊರಟಾಗ ಹಿಂದಿರುಗಿಸುತ್ತಿದ್ದಿತು. 2024ರ ನವೆಂಬರಿನಲ್ಲಿ ಹೊರಬಂದ 6.12ನೆಯ ಆವೃತ್ತಿಯಿಂದ ಈ ಮರ್ಯಾದೆ ತಪ್ಪಿತು. ಕೆವಿಎಂ ಯಂತ್ರದಲ್ಲಿ ಲೋಡ್ ಆದೊಡನೆ, ಬಾಡಿಗೆದಾರನೊಬ್ಬನೂ ಇಲ್ಲದಿದ್ದರೂ, ಕೈ ಅದರ ಸೊಂಟ ಸೇರುವುದು ವಾಡಿಕೆಯಾಯಿತು. ಕೆವಿಎಂ ಹೆಸರನ್ನೇ ಕೇಳದವರ ವರ್ಚುಯಲ್‌ಬಾಕ್ಸ್ ಕೂಡ ಹೀಗೆ ನಿಂತುಹೋಯಿತು.

ವಿಂಡೋಸಿನ ಕಥೆ ಇನ್ನೂ ವಿಚಿತ್ರ. ಹೈಪರ್-ವಿ ಎಂಬ ಅದರ ಹೈಪರ್‌ವೈಸರು ಚಾಲನೆಗೊಂಡರೆ ವಿಂಡೋಸೇ ಅದರ ಬಾಡಿಗೆದಾರನಾಗುತ್ತದೆ! ಹಿರಿಯ ಬಾಡಿಗೆದಾರ, ನಿಜ; ಆದರೆ ಯಜಮಾನನಲ್ಲ. ಬಳಕೆದಾರನು ಇದನ್ನು ಬೇಕೆಂದು ಕೇಳಿರಬೇಕಾಗಿಲ್ಲ. ದುಷ್ಟ ಪ್ರೋಗ್ರಾಂಗಳನ್ನು ತಡೆಯುವ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯೂ ಇದೇ ಹೈಪರ್‌ವೈಸರನ್ನು ನೆಚ್ಚಿಕೊಂಡಿದೆ. 2018ರ ಕೊನೆಗೆ ಬಂದ ವರ್ಚುಯಲ್‌ಬಾಕ್ಸ್ 6.0 ಹಟವನ್ನು ಬಿಟ್ಟು ಹೈಪರ್-ವಿಯ ಕೈಕೆಳಗೆ ಒಳಬಾಡಿಗೆ ಕೊಡಲು ಒಪ್ಪಿತು. ವಿಎಂವೇರ್ 2020ರಲ್ಲಿ ಅದೇ ಹಾದಿ ಹಿಡಿಯಿತು. ಒಳಬಾಡಿಗೆಯ ಮನೆಯಲ್ಲಿ ವೇಗ ಕಡಿಮೆ. ವರ್ಚುಯಲ್‌ಬಾಕ್ಸ್ ಆಗ ಕಿಟಕಿಯ ಕೆಳಗೆ ಹಸಿರು ಆಮೆಯೊಂದರ ಚಿತ್ರವನ್ನು ತೋರಿಸುತ್ತದೆ. ಪ್ರಾಮಾಣಿಕತೆ ಎಂದರೆ ಇದೇ ಇರಬೇಕು.

ಇಷ್ಟೆಲ್ಲದರ ಬಿಸಿ ತಟ್ಟುವುದು ಪ್ರಾಯೋಗಿಕ ಪರೀಕ್ಷೆಯ ಹಿಂದಿನ ರಾತ್ರಿ ಕುಳಿತ ವಿದ್ಯಾರ್ಥಿಗೆ. ನಿನ್ನೆ ಓಡಿದ ಯಂತ್ರ ಇಂದು ಏಳದು. ತೆರೆಯ ಮೇಲೆ ಮೂಡುವ ದೂರು 'ಇನ್ನೊಂದು ಹೈಪರ್‌ವೈಸರು ವಿಟಿ-ಎಕ್ಸನ್ನು ಬಳಸುತ್ತಿದೆ' ಎಂದು ಹೇಳುತ್ತದೆ. ಗಾಬರಿಗೊಂಡ ಹುಡುಗ ತನ್ನ ವರ್ಚುಯಲ್ ಡಿಸ್ಕೇ ಕೆಟ್ಟಿತೆಂದು ಬಗೆದು ಅದನ್ನು ಅಳಿಸಿದರೆ, ಒಂದು ವರ್ಷದ ಶ್ರಮ ಅದರೊಡನೆ ಹೋಗುತ್ತದೆ. ಡಿಸ್ಕಿನಲ್ಲಿ ದೋಷವೇ ಇರುವುದಿಲ್ಲ. ಲಿನಕ್ಸಿನಲ್ಲಾದರೆ ಕೆವಿಎಂ ಭಾಗವನ್ನು ಕಳಚಿದೊಡನೆ ದಾರಿ ತೆರೆಯುತ್ತದೆ. ವಿಂಡೋಸಿನಲ್ಲಿ ಆಮೆಯ ವೇಗವನ್ನು ಸಹಿಸಬೇಕು. ಇಲ್ಲವೆ ಹೈಪರ್-ವಿಯನ್ನೂ ಅದನ್ನು ನೆಚ್ಚಿದ ರಕ್ಷಣೆಯನ್ನೂ ತೆಗೆದುಹಾಕಿ ಯಂತ್ರವನ್ನು ಮತ್ತೆ ಆರಂಭಿಸಬೇಕು. ಮತ್ತೆ ಆರಂಭಿಸದೆ ಗತ್ಯಂತರವಿಲ್ಲ. ವಿಂಡೋಸೇ ಬಾಡಿಗೆಗಿರುವಾಗ, ಅದು ಒಳಗೆ ಕುಳಿತಂತೆಯೇ ಯಜಮಾನನನ್ನು ಹೊರಡಿಸಲಾಗದು.