ಬಚ್ಚಲೊಲೆಗೆ ಮೀಟರ್ ಇರಲಿಲ್ಲ

ದೆಹಲಿಯ ಬೇಸಿಗೆಯ ಬಗ್ಗೆ ಎಲ್ಲರೂ ಮೊದಲೇ ಎಚ್ಚರಿಸಿರುತ್ತಾರೆ. ಮೇ ತಿಂಗಳ ಬಿಸಿಗಾಳಿ, 45 ಡಿಗ್ರಿ ಸೆಕೆ, ಹಗಲೂ ರಾತ್ರಿ ಓಡುವ ಎಸಿ, ಅದಕ್ಕೆ ತಕ್ಕ ಬಿಲ್ಲು, ಇವೆಲ್ಲ ನಮ್ಮ ಲೆಕ್ಕದಲ್ಲಿ ಇದ್ದೇ ಇರುತ್ತವೆ. ಚಳಿಗಾಲದ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ. ಎಸಿ ಇಲ್ಲ, ಫ್ಯಾನ್ ಇಲ್ಲ, ಫ್ರಿಜ್ಜಿಗೂ ಕೆಲಸ ಕಡಿಮೆ. ಇನ್ನು ಮೂರು ತಿಂಗಳು ಕರೆಂಟ್ ಬಿಲ್ಲಿನ ಚಿಂತೆಯಿಲ್ಲ ಎಂದುಕೊಂಡಿರುತ್ತೇವೆ. ಫೆಬ್ರುವರಿಯಲ್ಲಿ ಜನವರಿಯ ಬಿಲ್ಲು ಕೈಗೆ ಬಂದಾಗ ಮೀಟರೇ ಕೆಟ್ಟಿರಬೇಕು ಅನ್ನಿಸುತ್ತದೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮನೂ ನಂಬುವುದಿಲ್ಲ: ‘ಚಳಿಗಾಲದಲ್ಲಿ ಅಷ್ಟೊಂದು ಬಿಲ್ಲಾ? ಸರಿಯಾಗಿ ನೋಡಿದ್ಯೇನೋ?’

ಸಾಮಾನ್ಯವಾಗಿ ಮೀಟರ್ ಸರಿಯಾಗಿಯೇ ಇರುತ್ತದೆ. ಮನೆಯನ್ನು ಬೆಚ್ಚಗಿಡುವುದಕ್ಕೆ ದುಡ್ಡು ಕೊಡಬೇಕು ಎಂಬುದೇ ನಮಗೆ ಹೊಸದು. ಬೆಂಗಳೂರಿನಲ್ಲಿ ಜನವರಿಯ ರಾತ್ರಿ 15–16 ಡಿಗ್ರಿಗೆ ಇಳಿದರೆ ‘ಈ ಸಲ ಚಳಿ ಜಾಸ್ತಿ’ ಎನ್ನುತ್ತೇವೆ. ದೆಹಲಿಯಲ್ಲಿ ಅದೇ ತಿಂಗಳ ಸಾಮಾನ್ಯ ಕನಿಷ್ಠ ಉಷ್ಣಾಂಶವೇ 7–8 ಡಿಗ್ರಿ. 4ಕ್ಕಿಂತ ಕೆಳಗಿಳಿಯುವ ರಾತ್ರಿಗಳೂ ಇವೆ. ಮಂಜು ಕವಿದ ವಾರಗಳಲ್ಲಿ ಮಧ್ಯಾಹ್ನವೂ ಬಿಸಿಲು ಕಾಣುವುದಿಲ್ಲ. ನಮ್ಮ ಮಲೆನಾಡಿನಲ್ಲೂ ಕೊಡಗಿನಲ್ಲೂ ಚಳಿ ಇಲ್ಲವೆಂದಲ್ಲ. ಆದರೆ ಅಲ್ಲಿ ಬಚ್ಚಲೊಲೆ ಇತ್ತು. ತೋಟದ ಸೋಗೆ, ತೆಂಗಿನ ಗರಿ, ಒಣ ಕಟ್ಟಿಗೆ ತುರುಕಿದರೆ ಹಂಡೆ ತುಂಬ ಬಿಸಿನೀರು. ಬೆಳಗಿನ ಜಾವ ಅದೇ ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳಬಹುದಿತ್ತು. ಆ ಬಿಸಿ ಪುಕ್ಕಟೆಯದೇನಲ್ಲ. ಕಟ್ಟಿಗೆ ಹೊತ್ತವರ ಬೆನ್ನು, ಹೊಗೆ ಕುಡಿದ ಅಮ್ಮಂದಿರ ಕಣ್ಣು ಅದರ ಬೆಲೆ ತೆತ್ತಿವೆ. ಆದರೆ ಆ ಒಲೆಗೆ ಮೀಟರ್ ಇರಲಿಲ್ಲ. ಆದ್ದರಿಂದಲೇ ಬಿಸಿಗೆ ಎಷ್ಟು ಖರ್ಚಾಗುತ್ತದೆ ಎಂಬ ಅಂದಾಜು ನಮಗೆ ಬೆಳೆಯಲೇ ಇಲ್ಲ.

ಆ ಅಂದಾಜನ್ನು ಈಗ ಮಾಡೋಣ. 15 ಲೀಟರಿನ ಒಂದು ಬಕೆಟ್ ನೀರು ಟ್ಯಾಂಕಿನಿಂದ 12 ಡಿಗ್ರಿಯಲ್ಲಿ ಬರುತ್ತಿದ್ದರೆ ಅದನ್ನು 40 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. 22 ಡಿಗ್ರಿಯಲ್ಲಿ ಬರುವ ಊರಿನಲ್ಲಿ ಮೂರನೇ ಒಂದು ಯೂನಿಟ್ ಕೂಡ ಬೇಡ. ಅಂದರೆ ಅದೇ ಗೀಸರ್, ಅದೇ ಸ್ನಾನ, ಖರ್ಚು ಮಾತ್ರ ಒಂದೂವರೆ ಪಟ್ಟು. ಆದರೂ ಬಿಲ್ಲಿನ ದೊಡ್ಡ ಪಾಲು ಗೀಸರಿನದಲ್ಲ, ಹೀಟರಿನದು. 2,000 ವಾಟ್‌ನ ರೂಮ್ ಹೀಟರ್ ಒಂದು ಗಂಟೆ ನಿಲ್ಲದೆ ಉರಿದರೆ 2 ಯೂನಿಟ್. ದಿನಕ್ಕೆ ನಾಲ್ಕು ಗಂಟೆಯಾದರೆ ತಿಂಗಳಿಗೆ 240 ಯೂನಿಟ್.

ಅಷ್ಟೊಂದು ಬಿಸಿ ಎಲ್ಲಿಗೆ ಹೋಗುತ್ತದೆ? ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಗಾಳಿಯನ್ನಷ್ಟೇ 10 ಡಿಗ್ರಿ ಬಿಸಿ ಮಾಡಲು ಒಂದು ಯೂನಿಟ್‌ನ ಎಂಟನೇ ಒಂದು ಭಾಗ ಸಾಕು. ಉಳಿದದ್ದನ್ನೆಲ್ಲ ತಣ್ಣನೆಯ ಗೋಡೆ, ಟೈಲ್ಸ್ ನೆಲ, ಒಂದೇ ಪದರದ ಕಿಟಕಿ ಗಾಜು, ಬಾಗಿಲ ಕೆಳಗಿನ ಸಂದು ನುಂಗುತ್ತವೆ. ಇಲ್ಲಿಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯನ್ನು ಕಣ್ಮುಂದೆ ಇಟ್ಟುಕೊಂಡು. ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಏರ್ಪಾಟು ಗೋಡೆಯಲ್ಲೂ ಇಲ್ಲ, ತಾರಸಿಯಲ್ಲೂ ಇಲ್ಲ. ಬಾಡಿಗೆ ಕಡಿಮೆಯೆಂದು ಮಹಡಿ ಮೇಲಿನ ಬರ್ಸಾತಿ ಹಿಡಿದವರಿಗಂತೂ ತಾರಸಿಯೇ ತಲೆಯ ಮೇಲಿನ ಐಸ್ ಪೆಟ್ಟಿಗೆ. ಆದ್ದರಿಂದ ಜನವರಿಯ ಬಿಲ್ಲನ್ನು ನಮ್ಮ ದುಂದುವೆಚ್ಚದ ಲೆಕ್ಕ ಎಂದು ಓದಬಾರದು. ಅದು ಮನೆಯ ಸಂದುಗೊಂದುಗಳ ಲೆಕ್ಕ.

ಇದರ ಮೇಲೆ ದರದ ಏಣಿಯೂ ಇದೆ. ಊರಿನಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಎಂಬ ಗೆರೆ ಮನೆಮನೆಯ ಮಾತಾಗಿದೆ. ದೆಹಲಿಯಲ್ಲಿ ಆ ಗೆರೆ 2019ರಿಂದಲೂ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಬಿಲ್ಲು ಸೊನ್ನೆ. 201ರಿಂದ 400ರವರೆಗೆ ಅರ್ಧ ರಿಯಾಯಿತಿ, ಅದೂ ಹೆಚ್ಚೆಂದರೆ 800 ರೂಪಾಯಿ. 401 ಮುಟ್ಟಿದರೆ ಏನೂ ಇಲ್ಲ. 2022ರ ಅಕ್ಟೋಬರ್‌ನಿಂದ ಈ ಸಬ್ಸಿಡಿ ಬೇಕೆಂದು ಕೇಳಿಕೊಂಡವರಿಗೆ ಮಾತ್ರ ಸಿಗುತ್ತದೆ. ದರಗಳೂ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ: ಮೊದಲ 200 ಯೂನಿಟ್‌ಗೆ ತಲಾ 3 ರೂಪಾಯಿ, ನಂತರದ 200ಕ್ಕೆ 4.50, ಅಲ್ಲಿಂದ 800ರವರೆಗೆ 6.50. ಇದರ ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್‌ಗಳು, ತೆರಿಗೆ.

ಒಂದು ‘ಟು ರೂಮ್ ಸೆಟ್’ ಉದಾಹರಣೆ ತೆಗೆದುಕೊಳ್ಳಿ. ಅಕ್ಟೋಬರ್‌ನಲ್ಲಿ 150 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆದ ಮನೆ ಅದು. ಜನವರಿಯಲ್ಲಿ ಹೀಟರಿನ 240, ಗೀಸರಿನ 60 ಸೇರಿದರೆ 450 ಯೂನಿಟ್. ಬಳಕೆಯ ಶುಲ್ಕವೇ 1,825 ರೂಪಾಯಿ. ಉಳಿದವು ಸೇರಿದರೆ ಎರಡೂವರೆ ಸಾವಿರ ಸುಲಭವಾಗಿ ದಾಟುತ್ತದೆ. ಬಳಕೆ ಮೂರು ಪಟ್ಟಾಯಿತು, ಬಿಲ್ಲು ಮಾತ್ರ ಸೊನ್ನೆಯಿಂದ ಸಾವಿರಗಳಿಗೆ ಜಿಗಿಯಿತು. ಇದೇ ಮನೆ ಹೀಟರನ್ನು ದಿನಕ್ಕೆ ಒಂದೇ ಒಂದು ಗಂಟೆ ಕಡಿಮೆ ಉರಿಸಿದ್ದರೆ 390 ಯೂನಿಟ್ ಆಗುತ್ತಿತ್ತು. ಆ 60 ಯೂನಿಟ್‌ಗಳ ದರವೂ ಉಳಿಯುತ್ತಿತ್ತು, 800 ರೂಪಾಯಿ ಸಬ್ಸಿಡಿಯೂ ದಕ್ಕುತ್ತಿತ್ತು. ಒಟ್ಟು ಸಾವಿರಕ್ಕೂ ಹೆಚ್ಚು. ತಿಂಗಳ ಇಪ್ಪತ್ತನೇ ತಾರೀಖಿನ ಹೊತ್ತಿಗೆ ಮೀಟರ್ ಒಮ್ಮೆ ನೋಡಿ ಎಂದು ನಾನು ಹೊಸಬರಿಗೆಲ್ಲ ಹೇಳುವುದು ಇದಕ್ಕೇ. ಗೆರೆಯ ಹತ್ತಿರ ಇದ್ದೇವೆ ಎಂದು ಗೊತ್ತಾದರೆ ಉಳಿದ ಹತ್ತು ದಿನ ಹೇಗೆ ಕಳೆಯಬೇಕೆಂದು ತೀರ್ಮಾನಿಸಬಹುದು.

ಆದರೆ ಈ ಲೆಕ್ಕ ಸ್ವಂತ ಮೀಟರ್ ಇದ್ದವರದು. ಮುಖರ್ಜಿ ನಗರ, ರಾಜಿಂದರ್ ನಗರಗಳಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ನಮ್ಮ ಹುಡುಗ ಹುಡುಗಿಯರನ್ನು, ಮುನಿರ್ಕಾ, ಲಕ್ಷ್ಮೀ ನಗರದ ಕೋಣೆಗಳಲ್ಲಿರುವ ಹೊಸ ನೌಕರರನ್ನು ಕೇಳಿ ನೋಡಿ. ಅವರಲ್ಲಿ ಬಹಳಷ್ಟು ಮಂದಿಗೆ ಮಾಲೀಕರು ಹಾಕಿಸಿದ ಸಬ್ ಮೀಟರೇ ಗತಿ. ಯೂನಿಟ್‌ಗೆ ಎಂಟೋ ಒಂಬತ್ತೋ ಹತ್ತೋ, ಹೇಳಿದಷ್ಟು ಕೊಡಬೇಕು. 9 ರೂಪಾಯಿಯಂತೆ ಹಿಡಿದರೆ ಮೇಲಿನ ಮನೆಯ 450 ಯೂನಿಟ್‌ಗೆ 4,050 ರೂಪಾಯಿ. ಸೊನ್ನೆಯಾಗಬೇಕಿದ್ದ ಅಕ್ಟೋಬರಿನ ಬಿಲ್ಲಿಗೂ 1,350. ನಾಲ್ಕು ಸಂಸಾರ ಒಂದೇ ಮೀಟರಿನ ಕೆಳಗಿದ್ದರೆ ಎಲ್ಲರ ಬಳಕೆ ಒಟ್ಟುಗೂಡಿ ಮೇಲಿನ ಮೆಟ್ಟಿಲು ಹತ್ತುತ್ತದೆ. ಸಬ್ಸಿಡಿ ಒಬ್ಬರಿಗೂ ಇಲ್ಲ. ಯಾರು ಕಡಿಮೆ ಸಂಪಾದಿಸುತ್ತಾರೋ ಅವರೇ ಹೆಚ್ಚು ದರ ಕೊಡುತ್ತಾರೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ಬಾಡಿಗೆದಾರರು ಕರಾರು ಪತ್ರ ಅಥವಾ ಬಾಡಿಗೆ ರಸೀದಿ ತೋರಿಸಿ, ಮಾಲೀಕರ ಒಪ್ಪಿಗೆ ಪತ್ರವಿಲ್ಲದೆಯೇ ತಮ್ಮ ಹೆಸರಿಗೆ ಪ್ರೀಪೇಯ್ಡ್ ಮೀಟರ್ ಪಡೆಯುವ ಯೋಜನೆಯನ್ನು ದೆಹಲಿ ಸರ್ಕಾರ 2019ರಲ್ಲೇ ಪ್ರಕಟಿಸಿತ್ತು. ಆದರೆ ಮನೆ ಖಾಲಿ ಮಾಡಿಸಿಬಿಟ್ಟಾರು ಎಂಬ ಅಂಜಿಕೆಯಿಂದ ಕೇಳಲು ಹಿಂಜರಿಯುವವರೇ ಹೆಚ್ಚು. ಅಷ್ಟು ಧೈರ್ಯವಿಲ್ಲದಿದ್ದರೆ ಕನಿಷ್ಠ ಒಂದು ಮಾತು ಕೇಳಿ: ‘ಅಂಕಲ್‌ಜೀ, ಕಂಪನಿಯ ಬಿಲ್ಲು ತೋರಿಸಿ, ನಮ್ಮ ಪಾಲು ಕೊಡುತ್ತೇವೆ.’ ಕರಾರು ಬರೆಯುವಾಗಲೇ ಯೂನಿಟ್ ದರ ಎಷ್ಟು, ಸಬ್ಸಿಡಿ ಯಾರಿಗೆ, ಗೀಸರ್ ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು, ಕಿಟಕಿಯ ಸಂದು ಯಾರು ಮುಚ್ಚಿಸಬೇಕು ಎಂದು ಬರೆಸಿಕೊಳ್ಳುವುದು ಇನ್ನೂ ಒಳ್ಳೆಯದು. ಬಾಡಿಗೆಯಲ್ಲಿ ಐನೂರು ಇಳಿಸಲು ಒಂದು ಗಂಟೆ ಚೌಕಾಸಿ ಮಾಡುವ ನಾವು ಈ ನಾಲ್ಕು ಸಾಲಿಗೆ ಐದು ನಿಮಿಷ ಕೊಡುವುದಿಲ್ಲ. ನೊಯಿಡಾ, ಗುರುಗ್ರಾಮದ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿರುವವರು ತಮ್ಮ ಪ್ರೀಪೇಯ್ಡ್ ಮೀಟರಿನಿಂದ ಏನೇನು ಕಡಿತವಾಗುತ್ತಿದೆ ಎಂದು ಒಮ್ಮೆ ನೋಡಲಿ. ಕೆಲವು ಕಡೆ ನಿರ್ವಹಣಾ ಶುಲ್ಕವೂ ಅದರಲ್ಲೇ ಹೋಗುತ್ತದೆ. ಜನರೇಟರ್ ಕರೆಂಟಿನ ದರ ಬೇರೆ, ಬಹಳ ದುಬಾರಿ. ಅದು ಓಡುವಾಗ ಹೀಟರ್ ಹಾಕದಿರುವುದೇ ಲೇಸು.

ಇನ್ನು ಹೀಟರಿನ ವಿಷಯ. ಆಯಿಲ್ ಹೀಟರ್ ಕರೆಂಟ್ ಉಳಿಸುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಕಾಯಿಲ್ ಆಗಲಿ, ಬ್ಲೋವರ್ ಆಗಲಿ, ಎಣ್ಣೆ ತುಂಬಿದ್ದಾಗಲಿ, ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಬಿಸಿಯನ್ನಷ್ಟೇ ಕೊಡಬಲ್ಲದು. ಆಯಿಲ್ ಹೀಟರಿಗೆ ಕೊಡುವ ಹೆಚ್ಚಿನ ದುಡ್ಡು ಸುರಕ್ಷತೆಗೆ: ಕೆಂಪಗೆ ಕಾದ ತಂತಿ ಹೊರಗಿಲ್ಲ, ಮಕ್ಕಳಿರುವ ಮನೆಗೆ ಅದು ಸರಿ. ಈ ನಿಯಮವನ್ನು ಮೀರುವುದು ‘ಹಾಟ್ ಅಂಡ್ ಕೋಲ್ಡ್’ ಎಸಿ ಮಾತ್ರ. ಅದು ಬಿಸಿಯನ್ನು ತಾನೇ ಹುಟ್ಟಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಎಳೆದು ಒಳಗೆ ತರುತ್ತದೆ. ಆದ್ದರಿಂದ ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತದೆ. ಮುಂದಿನ ಮೇ ತಿಂಗಳಲ್ಲಿ ಎಸಿ ಕೊಳ್ಳುವವರು ಜನವರಿಯನ್ನು ನೆನೆದು ಕೊಳ್ಳಲಿ.

ಎಸಿ ಬದಲಿಸುವುದು ಬಾಡಿಗೆದಾರರ ಕೈಯಲ್ಲಿಲ್ಲದಿದ್ದರೆ ಒಂದು ಸರಳ ಸೂತ್ರವಿದೆ: ಮೊದಲು ಮೈ, ಆಮೇಲೆ ಒಂದು ಕೋಣೆ, ಇಡೀ ಮನೆ ಎಂದಿಗೂ ಬೇಡ. ಮನೆಯಿಂದ ಕೆಲಸ ಮಾಡುವವರು ಎಂಟು ಗಂಟೆ 2,000 ವಾಟ್‌ನ ಬ್ಲೋವರ್ ಹಾಕಿದರೆ 16 ಯೂನಿಟ್. ಕಾಲಿನ ಬಳಿ 400 ವಾಟ್‌ನ ಒಂದು ರಾಡ್ ಉರಿದರೆ ಮೂರು ಯೂನಿಟ್ ಚಿಲ್ಲರೆ. ಹಾಸಿಗೆಯ ಮೇಲೆ ಹಾಸುವ ನೂರು ವಾಟ್‌ನ ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ರಾತ್ರಿಯಿಡೀ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ. ಒಳ್ಳೆಯ ರಜಾಯಿ ಒಂದನ್ನು ಕೊಳ್ಳಿ. ಊರಿಗೆ ಹೋದಾಗ ಚಳ್ಳಕೆರೆಯ ಕಂಬಳಿ ತಂದರೆ ಅದಕ್ಕಿಂತ ಒಳ್ಳೆಯ ಉಳಿತಾಯವಿಲ್ಲ. ಬಾಗಿಲ ಕೆಳಗೆ ಹಳೆಯ ಸೀರೆ ಸುತ್ತಿಡಿ, ನೆಲಕ್ಕೆ ಜಮಖಾನ ಹಾಸಿ. ಬಿಸಿಲಿದ್ದ ದಿನ ಕಿಟಕಿಯ ಪರದೆ ಸರಿಸಿ, ನಾಲ್ಕು ಗಂಟೆಯ ಹೊತ್ತಿಗೆ ಎಳೆದುಬಿಡಿ. ಇಲ್ಲಿಯವರು ಮಧ್ಯಾಹ್ನ ತಾರಸಿಯ ಮೇಲೆ ಕಡಲೆಕಾಯಿ ಸುಲಿಯುತ್ತ ಕೂರುವುದನ್ನು ಸೋಮಾರಿತನ ಎಂದುಕೊಳ್ಳಬೇಡಿ. ಮೀಟರಿಲ್ಲದ ಬಿಸಿ ಈ ಊರಿನಲ್ಲಿ ಉಳಿದಿರುವುದು ಅಲ್ಲೊಂದೇ ಕಡೆ.

ಇಷ್ಟೆಲ್ಲ ಹೇಳಿದ ಮೇಲೆ ಎಲ್ಲಿ ಉಳಿಸಬಾರದು ಎಂಬುದನ್ನೂ ಹೇಳಲೇಬೇಕು. ಡಿಸೆಂಬರ್, ಜನವರಿಯಲ್ಲಿ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಬಿಲ್ಲಿನ ಮಾತು ಅವರ ಕಿವಿಗೆ ಬಿದ್ದರೆ ‘ನಮಗೇನೂ ಚಳಿ ಇಲ್ಲಪ್ಪ’ ಎಂದು ತಾವೇ ಹೀಟರ್ ಆರಿಸಿಬಿಡುತ್ತಾರೆ. ವಯಸ್ಸಾದವರಿಗೆ, ರಕ್ತದೊತ್ತಡ ಇರುವವರಿಗೆ, ಹಸುಗೂಸುಗಳಿಗೆ ಈ ಚಳಿ ಆಟವಲ್ಲ. ಅವರ ಕೋಣೆಯ ಹೀಟರಿಗೆ ಲೆಕ್ಕ ಹಾಕಬೇಡಿ.

ಎರಡನೆಯದು ಇನ್ನೂ ಮುಖ್ಯ. ಕರೆಂಟ್ ಉಳಿಸಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲದಲ್ಲೂ ಬರುತ್ತದೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲಿದ್ದವರಿಗೆ ಅದು ಗೊತ್ತಾಗುವುದೇ ಇಲ್ಲ. ನಮ್ಮ ಬಚ್ಚಲೊಲೆಯ ಹೊಗೆಗೆ ಹೆಂಚಿನ ಸಂದಿತ್ತು, ಇಲ್ಲಿಯ ಕೋಣೆಗೆ ಅದಿಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟರೂ ಅಪಾಯ ಅದೇ. ಹೀಟರ್ ಸಿಕ್ಕಿಸುವ ಜಾಗವನ್ನೂ ನೋಡಿಕೊಳ್ಳಿ. 2,000 ವಾಟ್ ಎಂದರೆ ಸುಮಾರು 9 ಆಂಪಿಯರ್. ಮೊಬೈಲ್ ಚಾರ್ಜರ್ ಹಾಕುವ 6 ಆಂಪಿಯರ್ ಪ್ಲಗ್ಗಿಗೂ ಎಕ್ಸ್‌ಟೆನ್ಷನ್ ಬೋರ್ಡಿಗೂ ಅದು ತಡೆಯದ ಹೊರೆ. ಬಕೆಟ್ಟಿನಲ್ಲಿ ರಾಡ್ ಇಟ್ಟು ನೀರು ಕಾಯಿಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಲಿ. ಉಳಿಸಿದ ಸಾವಿರ ರೂಪಾಯಿ ಜೀವಕ್ಕಿಂತ ದೊಡ್ಡದಲ್ಲ.

ಕೊನೆಯ ಮಾತು ಗೇಟಿನ ಬಳಿ ಕೂತವರದು. ದೆಹಲಿಯ ವಾಯುಮಾಲಿನ್ಯ ತಡೆಯುವ ಕ್ರಮಗಳಲ್ಲಿ ನಿವಾಸಿಗಳ ಸಂಘಗಳಿಗೂ ಒಂದು ಸೂಚನೆಯಿದೆ: ಕಾವಲುಗಾರರು ಕಸಕಡ್ಡಿ, ಸೌದೆ ಸುಡದಂತೆ ಅವರಿಗೆ ಎಲೆಕ್ಟ್ರಿಕ್ ಹೀಟರ್ ಕೊಡಬೇಕು. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಕೊಟ್ಟಿದ್ದಾರೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಆ ಹೀಟರಿನ ಖರ್ಚು ಮನೆಗಳಿಗೆ ಹಂಚಿದರೆ ತಲೆಗೆ ಬರುವುದು ಕೆಲವೇ ರೂಪಾಯಿ. ಸರ್ಕಾರವನ್ನು ಕೇಳಬೇಕಾದದ್ದೂ ಒಂದಿದೆ. 400ರಿಂದ 401ಕ್ಕೆ ಹೋದ ಕೂಡಲೇ ಪೂರ್ತಿ ಕೈಬಿಡುವ ಬದಲು ಸಬ್ಸಿಡಿಯನ್ನು ಮೆಲ್ಲಗೆ ಇಳಿಸುವ ಏರ್ಪಾಟು ಬರಲಿ. ಅದು ಮಾಲೀಕರ ಮೀಟರಿಗಲ್ಲ, ಕರೆಂಟ್ ಬಳಸುವವರಿಗೇ ತಲುಪಲಿ.

ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವಕ್ಕೆ ಎಲ್ಲರೂ ಸೇರುವುದು ನವೆಂಬರಿನಲ್ಲಿ, ಚಳಿ ಶುರುವಾಗುವ ಹೊತ್ತಿಗೇ. ಅಲ್ಲಿ ಹಳಬರು ಹೊಸಬರಿಗೆ ಹೋಳಿಗೆ ಬಡಿಸುವಾಗ ಒಂದು ಮಾತು ಕೇಳಲಿ: ‘ನಿಮ್ಮದು ಸ್ವಂತ ಮೀಟರಾ, ಸಬ್ ಮೀಟರಾ? ಯೂನಿಟ್‌ಗೆ ಎಷ್ಟು ಕೊಡ್ತಿದೀರಿ?’