ಸೋಲುವ ತಂಡಕ್ಕೆ ರೇಡರ್ ಎಲ್ಲಿಂದ ಬರಬೇಕು?



ಉಮರ್ಗಾ, ನಿಲಂಗಾ, ಉದಗೀರ, ಈ ಮೂರು ತಾಲೂಕಿನಲ್ಲಿ ಯಾವ ಕಟ್ಟೆಯ ಮೇಲೆ ಕುಳಿತು ಕಬಡ್ಡಿ ಮಾತು ತೆಗೆದರೂ ಒಂದೇ ರಾಗ ಕೇಳುತ್ತದೆ. "ನಮ್ಮ ಟೀಮಿನ್ಯಾಗ ಛಲೋ ರೇಡರ್ ಇಲ್ರಿ ಮಾಸ್ತರ್. ಒಬ್ಬನ್ನ ಎಲ್ಲಿಂದಾದರೂ ತರಬೇಕು." ಈ "ತರಬೇಕು" ಅನ್ನುವ ಶಬ್ದದ ಮೇಲೆಯೇ ನಮ್ಮ ತಕರಾರು.

ಜಾತ್ರೆಯ ಪಂದ್ಯವಾದರೆ ತರುವುದು ಅಂದರೆ ದುಡ್ಡು ಕೊಟ್ಟು ಹೊರಗಿನ ಆಟಗಾರನನ್ನು ಎರಡು ದಿನಕ್ಕೆ ಕರೆಸುವುದು. ಶಾಲೆಯ ಪಂದ್ಯವಾದರೆ ಅದರ ಅರ್ಥ ಇನ್ನೂ ಕೆಟ್ಟದ್ದು. ಎಲ್ಲೋ ಆಡುತ್ತಿದ್ದ ತಯಾರಿ ಹುಡುಗನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಸುವುದು, ವಯಸ್ಸಿನ ಲೆಕ್ಕದಲ್ಲಿ ಕಣ್ಣು ಮುಚ್ಚುವುದು. ಯಾವ ಊರು, ಯಾವ ಶಾಲೆ ಎಂದು ನಾವು ಹೇಳುವುದಿಲ್ಲ. ಓದುವವರಿಗೆ ಗೊತ್ತೇ ಇದೆ. ನಮ್ಮ ವಾದ ಇಷ್ಟೇ. ಸೋಲುತ್ತಿರುವ ತಂಡ ತನ್ನ ಮುಂದಿನ ರೇಡರನನ್ನು ಸಂತೆಯಲ್ಲಿ ಹುಡುಕಬಾರದು, ತನ್ನ ಅಂಗಳದಲ್ಲಿ ಹುಡುಕಬೇಕು. ಇದು ಬರೀ ನೀತಿಪಾಠವಲ್ಲ, ಆಟದ ಲೆಕ್ಕವೂ ಇದನ್ನೇ ಹೇಳುತ್ತದೆ.

ಮೊದಲು ದೊಡ್ಡವರ ಲೆಕ್ಕ ನೋಡೋಣ. ನಮ್ಮ ಮಕ್ಕಳು ಟಿವಿಯಲ್ಲಿ ನೋಡುವ ಕನ್ನಡನಾಡಿನ ತಂಡ ಬೆಂಗಳೂರು ಬುಲ್ಸ್. ಪ್ರೊ ಕಬಡ್ಡಿಯ ಆರನೇ ಆವೃತ್ತಿಗೆ 2018ರಲ್ಲಿ ಹರಾಜು ನಡೆದಾಗ ಕೋಟಿ ಮುಟ್ಟಿದ ಆಟಗಾರರಲ್ಲಿ ಒಬ್ಬನೂ ಈ ತಂಡದಲ್ಲಿರಲಿಲ್ಲ. ಅದರ ಹಿಂದಿನ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದು ಹೆಚ್ಚೇನೂ ಹೆಸರು ಮಾಡದಿದ್ದ ಪವನ್ ಸೆಹ್ರಾವತ್‌ನನ್ನು ಬೆಂಗಳೂರಿನವರು ಮತ್ತೆ ಕರೆದುಕೊಂಡರು. 2019ರ ಜನವರಿ 5ರ ಫೈನಲ್‌ನಲ್ಲಿ ಅವನೊಬ್ಬನೇ 22 ಅಂಕ ತಂದ. ಗುಜರಾತ್ ವಿರುದ್ಧ 38-33ರಲ್ಲಿ ಬೆಂಗಳೂರು ಗೆದ್ದಿತು. ಆ ಹರಾಜಿನಲ್ಲಿ ಎಲ್ಲರಿಗಿಂತ ಹೆಚ್ಚು ದುಡ್ಡು, 1 ಕೋಟಿ 51 ಲಕ್ಷ ಸುರಿದು ಮೋನು ಗೋಯತ್‌ನನ್ನು ಕೊಂಡ ಹರಿಯಾಣ ತಂಡ ತನ್ನ ಗುಂಪಿನಲ್ಲಿ ಕೊನೆಗೆ ಉಳಿಯಿತು!

ಆಮೇಲೆ 2022ರಲ್ಲಿ ಪವನ್ ಬೆಂಗಳೂರು ಬಿಟ್ಟ. ತಮಿಳ್ ತಲೈವಾಸ್ ಅವನಿಗೆ 2 ಕೋಟಿ 26 ಲಕ್ಷ ಕೊಟ್ಟರು. ಬೆಂಗಳೂರಿನವರು ಅವನ ಜಾಗ ತುಂಬಲು 1 ಕೋಟಿ 70 ಲಕ್ಷಕ್ಕೆ ವಿಕಾಸ್ ಕಂಡೋಲಾನನ್ನು ತಂದರು. ಆಗ ಏನಾಯಿತು? ಪವನ್ ಮೊದಲ ಪಂದ್ಯದಲ್ಲೇ ಗಾಯಗೊಂಡು ಇಡೀ ಆವೃತ್ತಿ ಹೊರಗುಳಿದ. ತಮಿಳು ತಂಡವನ್ನು ಎತ್ತಿದವನು ಅದೇ ವರ್ಷ ಮೊದಲ ಸಲ ಆಡಿದ ನರೇಂದರ್ ಎಂಬ ಹುಡುಗ. ಅವನು 243 ರೇಡ್ ಅಂಕ ತಂದ, ತಂಡ ಮೊಟ್ಟಮೊದಲ ಬಾರಿ ಸೆಮಿಫೈನಲ್ ಕಂಡಿತು. ಇತ್ತ ಬೆಂಗಳೂರಿನಲ್ಲೂ ಅಂಕದ ಗಂಟು ಹೊತ್ತು ತಂದವನು ಕೋಟಿಯ ಆಟಗಾರನಲ್ಲ, ಎಳೆಯನಾಗಿ ಬಂದು ಅದೇ ತಂಡದಲ್ಲಿ ಬೆಳೆದ ಭರತ್. ಈ ತಂಡವೂ ಸೆಮಿಫೈನಲ್ ಮುಟ್ಟಿತು.

ಇಷ್ಟು ಕಣ್ಣಾರೆ ಕಂಡ ಮೇಲೆ ಬುದ್ಧಿ ಬರಬೇಕಿತ್ತಲ್ಲ? ಬರಲಿಲ್ಲ. 2024ರಲ್ಲಿ ಭರತ್‌ನನ್ನು ಬಿಟ್ಟುಕೊಟ್ಟರು. 1 ಕೋಟಿ 10 ಲಕ್ಷ ದಾಟಿಸಿ ಅಜಿಂಕ್ಯ ಪವಾರ್‌ನನ್ನು, 70 ಲಕ್ಷಕ್ಕೆ ಪ್ರದೀಪ್ ನರ್ವಾಲ್‌ನನ್ನು ತಂದರು. ಪ್ರದೀಪ್ ಸಣ್ಣವನಲ್ಲ, ಈ ಲೀಗಿನಲ್ಲಿ 1,800 ರೇಡ್ ಅಂಕ ದಾಟಿದ ದೊಡ್ಡ ಆಟಗಾರ. ಆದರೆ ತಂಡ ಆಡಿದ 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ ಎರಡು. 12 ತಂಡಗಳಲ್ಲಿ ಕೊನೆಯ ಸ್ಥಾನ! ಭರತ್ ಹೋಗಿ ಸೇರಿದ ಯುಪಿ ತಂಡ ಅದೇ ವರ್ಷ ಸೆಮಿಫೈನಲ್ ಆಡಿತು.

ಇದು ಬೆಂಗಳೂರಿನದೊಂದೇ ಕಥೆಯಲ್ಲ. ಹಿಂದಿನ ವರ್ಷ, 2023ರ ಹರಾಜಿನಲ್ಲಿ, ತೆಲುಗು ಟೈಟಾನ್ಸ್ ಪವನ್‌ಗೆ 2 ಕೋಟಿ 60 ಲಕ್ಷಕ್ಕೂ ಮಿಗಿಲು ಕೊಟ್ಟಿತ್ತು. ಪವನ್ ಚೆನ್ನಾಗಿಯೇ ಆಡಿದ, ಆದರೂ ತಂಡ ಕೊನೆಗೆ ಉಳಿಯಿತು.

ಹೀಗೇಕಾಗುತ್ತದೆ? ಕಬಡ್ಡಿಯ ನಿಯಮದಲ್ಲೇ ಉತ್ತರವಿದೆ. ರೇಡರ್ ಎಷ್ಟೇ ಬಲಶಾಲಿಯಾಗಿರಲಿ, ಒಮ್ಮೆ ಸಿಕ್ಕಿಬಿದ್ದರೆ ಹೊರಗೆ ಕೂರಬೇಕು. ತಾನಾಗಿ ಎದ್ದು ಬರುವಂತಿಲ್ಲ. ಉಳಿದವರು ಎದುರಾಳಿಯನ್ನು ಔಟ್ ಮಾಡಿದಾಗ ಮಾತ್ರ ಒಬ್ಬೊಬ್ಬರಿಗೆ ಜೀವ ಬರುತ್ತದೆ, ಅದೂ ಹೊರಗೆ ಹೋದ ಸರದಿಯಲ್ಲೇ. ಬೋನಸ್ ಅಂಕಕ್ಕೆ ಜೀವ ಬರುವುದಿಲ್ಲ. ಅಂದರೆ ನಿಮ್ಮ ಹಿಡಿತ ಸಡಿಲವಾಗಿದ್ದರೆ ಕೋಟಿಯ ರೇಡರನೂ ಆಟದ ಬಹುಪಾಲು ಗೆರೆಯಾಚೆ ಕೂತು ಚಪ್ಪಾಳೆ ತಟ್ಟುತ್ತಾನೆ. ನಮ್ಮ ಕಡೆ ಮರಾಠಿ ರೂಢಿಯಲ್ಲಿ ರೇಡಿಗೆ ಚಢಾಯಿ, ಹಿಡಿತಕ್ಕೆ ಪಕಡ್ ಅನ್ನುತ್ತೇವೆ. ಪಕಡ್ ಇಲ್ಲದ ತಂಡಕ್ಕೆ ಚಢಾಯಿಯವನನ್ನು ತರುವುದು, ತಳ ಒಡೆದ ಕೊಡಕ್ಕೆ ಹೊಸ ಹಗ್ಗ ಕೊಂಡ ಹಾಗೆ.

ಈ ಮಾತನ್ನು ಸರಿಯಾಗಿ ತಿಳಿದವರು ಪಟ್ನಾದವರು. ಪ್ರದೀಪ್ ನರ್ವಾಲ್ ಇದ್ದೂ 2019ರಲ್ಲಿ ಆ ತಂಡ ಪ್ಲೇಆಫ್ ಮುಟ್ಟಲಿಲ್ಲ. 2021ರಲ್ಲಿ ಅವನು 1 ಕೋಟಿ 65 ಲಕ್ಷಕ್ಕೆ ಯುಪಿ ಸೇರಿದ. ಪಟ್ನಾ ಒಬ್ಬ ಪ್ರದೀಪ್‌ನ ಬದಲು ಇನ್ನೊಬ್ಬ ಪ್ರದೀಪ್‌ನನ್ನು ಹುಡುಕಲಿಲ್ಲ. ಹಿಡಿತ ಗಟ್ಟಿ ಮಾಡಿಕೊಂಡು, ರೇಡಿನ ಭಾರವನ್ನು ಮೂರು ನಾಲ್ಕು ಜನರಿಗೆ ಹಂಚಿತು. ಆ ತಂಡದ ನಾಯಕ ಯಾರು ಗೊತ್ತೇ? ನಮ್ಮ ಕನ್ನಡಿಗ ಪ್ರಶಾಂತ್ ಕುಮಾರ್ ರೈ. 2022ರ ಫೆಬ್ರವರಿಯ ಸೆಮಿಫೈನಲ್‌ನಲ್ಲಿ ಪ್ರದೀಪ್ ಇದ್ದ ಯುಪಿಯನ್ನೇ ಸೋಲಿಸಿ ಪಟ್ನಾ ಫೈನಲ್‌ಗೆ ಹೋಯಿತು. ಫೈನಲ್‌ನಲ್ಲಿ ದಿಲ್ಲಿಗೆ ಸೋತದ್ದು ಒಂದೇ ಅಂಕದಿಂದ, 36-37.

ನಾವಿರುವ ರಾಜ್ಯದ ಪುಣೇರಿ ಪಲ್ಟನ್ ಕೂಡ ಒಂದು ಪಾಠ. 2024ರ ಮಾರ್ಚ್ 1ರಂದು ಪ್ರಶಸ್ತಿ ಗೆದ್ದಾಗ ನಾಯಕನಾಗಿದ್ದವನು ನಗರ ಜಿಲ್ಲೆಯ ಹಳ್ಳಿಯ ಹುಡುಗ ಅಸ್ಲಂ ಇನಾಮದಾರ್, ಅವರದೇ ಯುವ ತಂಡದಲ್ಲಿ ಬೆಳೆದವನು. ತರಬೇತುದಾರ ಮತ್ತೆ ಕನ್ನಡಿಗ, ಬಿ.ಸಿ. ರಮೇಶ್. ಆ ತಂಡ ದೊಡ್ಡ ದುಡ್ಡು ಖರ್ಚು ಮಾಡಲಿಲ್ಲವೇ ಎಂದು ಕೇಳಬಹುದು. ಮಾಡಿತು, 2 ಕೋಟಿ 35 ಲಕ್ಷ! ಆದರೆ ಕೊಟ್ಟದ್ದು ರೇಡರ್‌ಗೆ ಅಲ್ಲ, ಹಿಡಿತದಲ್ಲಿ ಹೆಸರಾದ ಇರಾನಿನ ಶಾದ್ಲೂಯಿಗೆ. ಅದೇ ಆಟಗಾರ ಮುಂದಿನ ಆವೃತ್ತಿಯಲ್ಲಿ ಹರಿಯಾಣಕ್ಕೆ ಹೋದ, ಆ ಸಲ ಕಪ್ಪು ಹರಿಯಾಣಕ್ಕೇ ಹೋಯಿತು.

ದೂರದ ಅಮೆರಿಕದಲ್ಲೂ ಇದೇ ಹಾಡು. ಅಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ, ಕೈಯಲ್ಲಿ ಹಿಡಿದು ಎಸೆಯುವ ಆಟ. ಎಸೆಯುವ ಮುಖ್ಯಸ್ಥನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ಹೊಸ ಆಟಗಾರರನ್ನು ಆರಿಸುವಾಗ ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. 2006ರಲ್ಲಿ 16 ಪಂದ್ಯಗಳಲ್ಲಿ ಎರಡನ್ನೇ ಗೆದ್ದ ಓಕ್‌ಲ್ಯಾಂಡ್ ತಂಡ (ಅದರ ಹೆಸರೇ ರೇಡರ್ಸ್!) ಮರುವರ್ಷ ಎಲ್ಲರಿಗಿಂತ ಮೊದಲು ಜಮಾರ್ಕಸ್ ರಸೆಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡಿತು. 2010ಕ್ಕೆ ಅವನನ್ನು ಕೈಬಿಟ್ಟಿತು. ಆದರೆ 2000ದಲ್ಲಿ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸಲ ಸೂಪರ್ ಬೌಲ್ ಗೆದ್ದ. ಅವನನ್ನು ಬಿಟ್ಟು ಮುಂದೆ ಹೋದವರೆಲ್ಲ ಆಟದ ಪಂಡಿತರೇ ಆಗಿದ್ದರು.

ಈಗ ನಮ್ಮ ಅಂಗಳಕ್ಕೆ ಬರೋಣ. ಶಾಲಾ ವ್ಯವಸ್ಥಾಪನ ಸಮಿತಿಯ ಹಿರಿಯರು ಒಂದು ಮಾತು ಹೇಳುತ್ತಾರೆ. "ಮಾಸ್ತರ್, ನಿಮ್ಮ ಪಾಠ ಇರಲಿ. ಕನ್ನಡ ಶಾಳಿಗೆ ಹುಡುಗರು ಕಡಿಮೆ ಆಗ್ಯಾರ. ಪಕ್ಕದಾಗ ಸೆಮಿ-ಇಂಗ್ಲಿಷ್ ಬಂದೈತಿ. ಒಂದು ಕಪ್ ಬಂದ್ರ ನಾಕ್ ಮಂದಿ ತಮ್ಮ ಮಕ್ಕಳ್ನ ಹಚ್ಚತಾರ." ಈ ಕಳವಳ ಸುಳ್ಳಲ್ಲ. ಪಟ್ಟಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಗಡಿಯಲ್ಲಿ ಕನ್ನಡ ಕಲಿಯುವ ಬಾಗಿಲೇ ಮುಚ್ಚುತ್ತದೆ. ನಾವೂ ಇದೇ ಭಯದಲ್ಲಿ ದಿನ ತೆಗೆಯುವವರು.

ಆದರೆ ಬಂಧುಗಳೇ, ತಂದ ಹುಡುಗ ತಂದ ಕಪ್ಪು ಯಾರ ಕಪ್ಪು? ಊರಿನವರು ಕುರುಡರಲ್ಲ. ಗೆದ್ದ ಹುಡುಗ ನಮ್ಮ ಓಣಿಯವನಲ್ಲ, ನಮ್ಮ ಮಗ ಬೆಂಚಿನ ಮೇಲೆ ಕೂತಿದ್ದ ಎಂದು ತಾಯಿ ತಂದೆಗೆ ಗೊತ್ತಾಗುತ್ತದೆ. ಅವರು ಶಾಲೆಯ ಮೇಲೆ ನಂಬಿಕೆ ಇಡುವುದು ತಮ್ಮ ಮಗುವನ್ನು ಶಾಲೆ ಬೆಳೆಸಿದಾಗ, ಬೇರೆಯವರ ಮಗುವನ್ನು ಮೆರೆಸಿದಾಗಲ್ಲ. ಮೇಲಾಗಿ ವೃತ್ತಿಯ ತಂಡ ಆಟಗಾರನನ್ನು ಕೊಳ್ಳುವುದು ನಿಯಮದೊಳಗಿನ ವ್ಯವಹಾರ. ಶಾಲೆ ಕೊಳ್ಳುವುದು ಹಾಜರಿಯಲ್ಲಿ ಸುಳ್ಳು ಬರೆಯುವ ವ್ಯವಹಾರ. ಅದೇ ಕೈಯಿಂದ ಮರುದಿನ ಕರಿಹಲಗೆಯ ಮೇಲೆ "ಸತ್ಯವನ್ನೇ ನುಡಿಯಬೇಕು" ಎಂದು ಬರೆಯುವುದು ಹೇಗೆ?

ಹಾಗಾದರೆ ರೇಡರ್ ಸಿಗುವುದು ಹೇಗೆ? ದುಡ್ಡು ಬೇಡದ ದಾರಿ ಹೇಳುತ್ತೇವೆ.

ಒಂದು, ಆಟದ ತಾಸಿನಲ್ಲಿ ಎಲ್ಲರಿಗೂ ರೇಡ್ ಕೊಡಿ. ಈಗ ನಡೆಯುವುದೇನು? ಎತ್ತರದವನು, ಜೋರು ಮಾಡುವವನು, ಇಲ್ಲವೇ ಊರ ದೊಡ್ಡವರ ಮಗ ರೇಡರ್. ಉಳಿದವರು ಮೂಲೆ ಹಿಡಿಯುವವರು. ನಿಜವಾದ ರೇಡರ್ ಆ ಉಳಿದವರಲ್ಲೇ ಇರಬಹುದು. ಹುಡುಗಿಯರನ್ನೂ ಮರೆಯಬೇಡಿ. 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿ ಕಾರ್ಕಳ ತಾಲೂಕಿನ ಹಳ್ಳಿಯವರು.

ಎರಡು, ಒಂದು ವಹಿ ಇಡಿ. ಯಾರು ಎಷ್ಟು ಸಲ ಹೋದರು, ಎಷ್ಟು ಸಲ ಸುರಕ್ಷಿತವಾಗಿ ತಿರುಗಿ ಬಂದರು, ಎಷ್ಟು ಸಲ ಸಿಕ್ಕಿಬಿದ್ದರು, ಇಷ್ಟು ಬರೆದರೆ ಸಾಕು. ಎರಡು ಖಾಲಿ ರೇಡಿನ ನಂತರ ಮೂರನೆಯದರಲ್ಲಿ ಅಂಕ ತರಲೇಬೇಕಲ್ಲ, ಆ ರೇಡಿನ ಲೆಕ್ಕ ಬೇರೆ ಬರೆಯಿರಿ. ಒಂದು ತಿಂಗಳ ವಹಿ ಹೇಳುವ ಹೆಸರು, ಕಟ್ಟೆಯ ಮೇಲಿನ ಹೆಸರು ಒಂದೇ ಆಗಿರಬೇಕೆಂದಿಲ್ಲ.

ಮೂರು, ಅಭ್ಯಾಸದ ಅರ್ಧ ಹೊತ್ತು ಹಿಡಿತಕ್ಕೆ ಮೀಸಲಿಡಿ. ಒಳ್ಳೆಯ ಹಿಡಿತದವರ ನಡುವೆ ದಿನಾ ರೇಡ್ ಹೋಗುವ ಹುಡುಗ ತಾನಾಗಿ ಒಳ್ಳೆಯ ರೇಡರ್ ಆಗುತ್ತಾನೆ. ಸಡಿಲ ಹಿಡಿತದವರ ನಡುವೆ ಆಡಿದವನು ಮನೆಯಲ್ಲಿ ಹುಲಿ, ತಾಲೂಕಿನಲ್ಲಿ ಇಲಿ.

ನಾಲ್ಕು, ಒಬ್ಬನನ್ನಲ್ಲ, ಮೂವರನ್ನು ತಯಾರಿಸಿ. ದೀಪಾವಳಿ ಹೊತ್ತಿಗೆ ನಮ್ಮ ಕೆಲವು ಮಕ್ಕಳು ತಂದೆತಾಯಿಯ ಜೊತೆ ಕಬ್ಬು ಕಡಿಯಲು ಹೋಗುತ್ತಾರೆ. ಒಬ್ಬನ ಮೇಲೆ ನಿಂತ ತಂಡ ಅಲ್ಲಿಗೇ ಮುಗಿಯಿತು. ಹೊರಗಿನ ಹುಡುಗನಿಗೆ ಕೊಡಲು ಹೊರಟ ದುಡ್ಡಿನಲ್ಲಿ ಇಂಥ ಮಗು ಊರಲ್ಲೇ ಅಜ್ಜಿಯ ಹತ್ತಿರ ಉಳಿದು ಶಾಲೆಗೆ ಬರುವ ವ್ಯವಸ್ಥೆ ಮಾಡಿ ನೋಡಿ. ರೇಡರನೂ ಉಳಿಯುತ್ತಾನೆ, ವಿದ್ಯಾರ್ಥಿಯೂ ಉಳಿಯುತ್ತಾನೆ.

ಐದು, ಆರಿಸಿದ ಮೇಲೆ ತಾಳ್ಮೆ ಇರಲಿ. ಎರಡು ಸಲ ಔಟಾದ ಕೂಡಲೇ "ಕರೆಸ್ರಿ ಅವನ್ನ ಹೊರಗ" ಎಂದು ಕೂಗಿದರೆ ಹುಡುಗ ಮೂರನೇ ಸಲ ಬೋನಸ್ ಗೆರೆಯ ಕಡೆ ಕಾಲೇ ಚಾಚುವುದಿಲ್ಲ. ಗುಜರಾತ್‌ನಲ್ಲಿ ಮಿಂಚದ ಪವನ್‌ನನ್ನು ಬೆಂಗಳೂರು ಅಷ್ಟಕ್ಕೇ ಅಳೆದು ಬಿಟ್ಟಿದ್ದರೆ ಆ 22 ಅಂಕ ಎಲ್ಲಿಂದ ಬರುತ್ತಿದ್ದವು?

ಬೆಂಗಳೂರು ಬುಲ್ಸ್ ಕೂಡ 2025ರಲ್ಲಿ ದಾರಿ ಬದಲಿಸಿತು. ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು. ಅಷ್ಟು ಹೆಸರಿಲ್ಲದ ಹುಡುಗರನ್ನು ಕಟ್ಟಿಕೊಂಡು, ಹಿಂದಿನ ವರ್ಷ ತಳ ಕಂಡಿದ್ದ ತಂಡವನ್ನು ಪ್ಲೇಆಫ್‌ಗೆ ಒಯ್ದರು. ಅಲ್ಲಿ ಅಂಕ ತಂದವರಲ್ಲಿ ಇರಾನಿನ ಅಲಿರೆಜಾ ಮಿರ್ಜಾಯಿಯಾನ್ ಮುಂದಿದ್ದ, ನಿಜ. ಹೊರಗಿನವನು ಎಂಬುದು ನಮ್ಮ ಜಗಳವೇ ಅಲ್ಲ. ಹೆಸರನ್ನು ಕೊಂಡರೆ ಆಟ ಬರುತ್ತದೆ ಎಂಬ ಭ್ರಮೆಯ ಮೇಲೆ ನಮ್ಮ ಜಗಳ.

ಶಾಲೆಗಳ ತಾಲೂಕು ಪಂದ್ಯಗಳು ಪ್ರತಿ ವರ್ಷ ಬರುತ್ತವೆ. ಮುಂದಿನ ಪಂದ್ಯಕ್ಕೆ ಹೆಸರು ಕಳಿಸುವ ಮುನ್ನ ಪ್ರತಿ ಕನ್ನಡ ಶಾಲೆಯೂ ಒಂದು ನಿರ್ಧಾರ ಮಾಡಲಿ. ಮೈದಾನಕ್ಕೆ ಇಳಿಯುವ ಪ್ರತಿ ಹುಡುಗನೂ ನಮ್ಮ ಹಾಜರಿಗೆ "ಹಾಜರ್ ಗುರುಜಿ" ಎಂದು ದಿನಾ ಕೂಗಿದವನೇ ಆಗಿರಲಿ. ಸೋತರೆ ನಮ್ಮ ಮಕ್ಕಳೇ ಸೋಲಲಿ, ಮುಂದಿನ ವರ್ಷ ಆಡಲು ಅವರೇ ಇರುತ್ತಾರೆ.